ಬೆಳಗಾವಿಗೆ ವಿದೇಶಿ ಸೈನಿಕರು ಬರೋದು ಯಾಕೆ? ಶಿರಾ, ಮಧುಗಿರಿ ಚರಿತ್ರೆಯಲ್ಲೇ ಒಂದು ಉತ್ತರ ಇದೆ

ಶಿರಾ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮಿಲಿಟರಿ ಲಾರಿಗಳ ಸಾಲು ಕಂಡರೆ ಸಾಕು, ಸಂಜೆಯೊಳಗೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದಕ್ಕೆ ಎರಡು ಸೇರಿ ಸುದ್ದಿ ಹರಡುತ್ತೆ. ಅದೇ ಹೊತ್ತಿಗೆ ಟಿವಿಯಲ್ಲಿ "ಬೆಳಗಾವಿಯಲ್ಲಿ ವಿದೇಶಿ ಸೈನಿಕರು" ಅಂತ ಬಂದುಬಿಟ್ಟರೆ ಮುಗೀತು. ಯುದ್ಧ ಬರ್ತದಾ, ಹೊರಗಿನ ಸೈನ್ಯಕ್ಕೆ ನಮ್ಮ ರಾಜ್ಯದಲ್ಲಿ ಜಾಗ ಕೊಟ್ಟರಾ ಅನ್ನೋ ಪ್ರಶ್ನೆಗಳು ಟೀ ಅಂಗಡಿಯಿಂದ ಕಿರಾಣಿ ಅಂಗಡಿವರೆಗೂ ಓಡಾಡುತ್ತವೆ.

ಮೊದಲಿಗೆ ನೇರ ಉತ್ತರ. ಭಾರತದಲ್ಲಿ ಯಾವ ವಿದೇಶಿ ಸೇನೆಯ ನೆಲೆಯೂ ಇಲ್ಲ. ಬರುವವರು ಕೇಂದ್ರ ಸರ್ಕಾರದ ಒಪ್ಪಿಗೆ ಮೇಲೆ, ಗೊತ್ತುಪಡಿಸಿದ ದಿನಗಳಿಗೆ, ಸಾಮಾನ್ಯವಾಗಿ ಎರಡು ವಾರಕ್ಕೆ ಬಂದು ಹೋಗುವವರು. ಇದಕ್ಕೆ ಜಂಟಿ ಸಮರಾಭ್ಯಾಸ ಅಂತಾರೆ. ಕರ್ನಾಟಕದಲ್ಲಿ ಭೂಸೇನೆಯ ಇಂಥ ಅಭ್ಯಾಸಕ್ಕೆ ಮುಖ್ಯ ಜಾಗ ಬೆಳಗಾವಿ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರ ಅಲ್ಲಿದೆ, ಕಮಾಂಡೋ ತರಬೇತಿ ಕೊಡುವ ಜೂನಿಯರ್ ಲೀಡರ್ಸ್ ವಿಂಗ್ ಇದೆ, ವಿದೇಶಿ ತುಕಡಿಗಳ ಜತೆ ತರಬೇತಿ ನಡೆಸೋಕೆ ಅಂತಲೇ ಫಾರಿನ್ ಟ್ರೈನಿಂಗ್ ನೋಡ್ ಅನ್ನೋ ಪ್ರತ್ಯೇಕ ವ್ಯವಸ್ಥೆಯೂ ಇದೆ. ಸುತ್ತ ಕಾಡು, ಗುಡ್ಡ, ಮಳೆ. ಅಭ್ಯಾಸಕ್ಕೆ ಹೇಳಿ ಮಾಡಿಸಿದ ನೆಲ.

ಹನ್ನೆರಡು ದಿನ ಏನು ಮಾಡ್ತಾರೆ?

2022ರ ಫೆಬ್ರವರಿ 27ರಿಂದ ಮಾರ್ಚ್ 10ರವರೆಗೆ ಬೆಳಗಾವಿಯಲ್ಲಿ 'ಧರ್ಮ ಗಾರ್ಡಿಯನ್' ನಡೆಯಿತು. ನಮ್ಮ ಕಡೆಯಿಂದ ಮರಾಠಾ ಲಘು ಪದಾತಿ ದಳದ 15ನೇ ಬೆಟಾಲಿಯನ್, ಜಪಾನ್ ಕಡೆಯಿಂದ ಅವರ ನೆಲ ಸ್ವರಕ್ಷಣಾ ಪಡೆಯ 30ನೇ ಪದಾತಿ ರೆಜಿಮೆಂಟ್. ಜಪಾನ್ ತನ್ನ ಸಂವಿಧಾನದ ಕಾರಣಕ್ಕೆ ಸೈನ್ಯವನ್ನು ಸೈನ್ಯ ಅಂತ ಕರೆಯಲ್ಲ, ಸ್ವರಕ್ಷಣಾ ಪಡೆ ಅಂತಲೇ ಕರೆಯೋದು. ಅಭ್ಯಾಸದ ಮಟ್ಟ ಪ್ಲಟೂನ್, ಅಂದ್ರೆ ಮೂವತ್ತು ನಲವತ್ತು ಜನರ ಲೆಕ್ಕ. ಟಿವಿಯಲ್ಲಿ ತೋರಿಸುವ ರೀತಿ ನೋಡಿದರೆ ಸಾವಿರಾರು ಜನ ಇಳಿದಂತೆ ಅನ್ನಿಸುತ್ತೆ. ಆದರೆ ಕೊರಟಗೆರೆಯಿಂದ ಹೊರಡುವ ಒಂದು ಮದುವೆ ಬಸ್ಸಿನಲ್ಲಿ ಹಿಡಿಸುವಷ್ಟು ಜನ ಅದು.

ಕೆಲಸ ಏನಪ್ಪಾ ಅಂದ್ರೆ ಕಾಡಿನಲ್ಲಿ, ಮನೆಗಳು ಒತ್ತೊತ್ತಾಗಿರುವ ಜಾಗದಲ್ಲಿ ಕಾರ್ಯಾಚರಣೆ. ಇಂಥ ಅಭ್ಯಾಸಗಳಲ್ಲಿ ಮೊದಲ ದಿನಗಳು ಪರಿಚಯಕ್ಕೇ ಹೋಗುತ್ತವೆ. ಅವರ ಬಂದೂಕು ಇವರು ಬಿಚ್ಚಿ ಜೋಡಿಸೋದು, ಇವರ ವೈರ್‌ಲೆಸ್ ಅವರು ಹಿಡಿದು ನೋಡೋದು. ಆಮೇಲೆ ಉಗ್ರರು ಅಡಗಿದ ಮನೆಗೆ ನುಗ್ಗುವ ರೀತಿ, ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿಯೋದು, ಗಾಯಗೊಂಡವರನ್ನು ಹೊತ್ತು ತರೋದು. ಕೊನೆಗೆ ಒಂದೆರಡು ದಿನ ಎಲ್ಲವನ್ನೂ ಸೇರಿಸಿ ಒಂದು ಪರೀಕ್ಷೆ. ನಡುವೆ ವಾಲಿಬಾಲ್, ಯೋಗ, ಒಟ್ಟಿಗೆ ಊಟ. ಫೋಟೋದಲ್ಲಿ ಬರೋದು ಹೆಚ್ಚಾಗಿ ಇವೇ. ಅದನ್ನೇ ನೋಡಿ "ಪಿಕ್ನಿಕ್" ಅಂತ ನಗುವವರಿದ್ದಾರೆ. ನಗುವ ಮೊದಲು ನಮ್ಮದೇ ನೆಲದಲ್ಲಿ ನಡೆದ ಒಂದು ಘಟನೆ ತಿಳಿಯೋದು ಒಳ್ಳೇದು.

ಮಿತ್ರಪಡೆ ಹತ್ತಿರದಲ್ಲೇ ಇತ್ತು, ಗೊತ್ತೇ ಆಗಲಿಲ್ಲ

1791ರ ಬೇಸಿಗೆ. ಮೂರನೇ ಮೈಸೂರು ಯುದ್ಧ. ಟಿಪ್ಪು ಸುಲ್ತಾನನ ವಿರುದ್ಧ ಇಂಗ್ಲಿಷರು, ಮರಾಠರು, ಹೈದರಾಬಾದಿನ ನಿಜಾಮ ಒಂದಾಗಿದ್ದರು. ಮಾರ್ಚ್ ತಿಂಗಳಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್ ಆಮೇಲೆ ಶ್ರೀರಂಗಪಟ್ಟಣಕ್ಕೆ ಹೊರಟ. ಉತ್ತರದಿಂದ ಮರಾಠರ ಎರಡು ಸೈನ್ಯಗಳು ಬರಬೇಕಿತ್ತು. ಪರಶುರಾಮ ಭಾವು ಧಾರವಾಡ ಮುತ್ತಿಗೆ ಮುಗಿಸಿ ಬರುತ್ತಿದ್ದ. ಇನ್ನೊಂದು ಸೈನ್ಯದ ನಾಯಕ ಹರಿಪಂತ ಬಂದಿದ್ದು ನಮ್ಮ ಶಿರಾ ಹಾದಿಯಲ್ಲಿ. ಶಿರಾ ಕೋಟೆ ಅವನ ಕೈಸೇರಿತು. ಆಗ ಮದ್ದಗಿರಿ ಎನಿಸಿದ್ದ ಮಧುಗಿರಿಯ ಬೆಟ್ಟದ ಕೋಟೆ ಮುತ್ತೋಕೆ ಬಲವಂತರಾವ್ ಅನ್ನೋ ಸರದಾರನ ಕೈಯಲ್ಲಿ ಒಂದು ತುಕಡಿ ಬಿಟ್ಟು ಹರಿಪಂತ ದಕ್ಷಿಣಕ್ಕೆ ಸಾಗಿದ.

ಅತ್ತ ಕಾರ್ನ್‌ವಾಲಿಸ್ ಮೇ 15ರಂದು ಅರಕೆರೆ ಬಳಿ ಕಾದಾಟ ಗೆದ್ದ. ಗೆದ್ದೂ ಸೋತಂತಾಯಿತು. ಎತ್ತುಗಳು ಸಾವಿರಗಟ್ಟಲೆ ಸತ್ತಿದ್ದವು, ಅಕ್ಕಿ ಮುಗಿದಿತ್ತು, ಮಳೆ ಹಿಡಿದಿತ್ತು, ಸೈನಿಕರಿಗೆ ಕಾಯಿಲೆ. ಎಳೆಯೋಕೆ ಎತ್ತಿಲ್ಲದೆ ಕೋಟೆ ಒಡೆಯುವ ದೊಡ್ಡ ಫಿರಂಗಿಗಳನ್ನು ತಾನೇ ನಾಶ ಮಾಡಿಸಿ, ಮೇ 26ರಂದು ಬೆಂಗಳೂರಿನ ಕಡೆ ವಾಪಸ್ ಹೊರಟ.

ಅವತ್ತೇ ಮೇಲುಕೋಟೆ ಕಡೆಯ ದಾರಿಯಲ್ಲಿ ಕುದುರೆ ಸವಾರರು ಕಾಣಿಸಿಕೊಂಡರು. ಇಂಗ್ಲಿಷರು ಅವರನ್ನು ಟಿಪ್ಪುವಿನ ಪಡೆ ಅಂತಲೇ ತಿಳಿದು ಕಾದಾಟಕ್ಕೆ ಸಜ್ಜಾದರು. ಆಮೇಲೆ ಗೊತ್ತಾಯಿತು, ಬಂದವರು ಮರಾಠರು, ತಮ್ಮದೇ ಮಿತ್ರರು. ಅಷ್ಟು ದೊಡ್ಡ ಸೈನ್ಯ ಒಂದೆರಡು ದಿನದ ದಾರಿಯಲ್ಲಿತ್ತು, ಆದರೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿರಲಿಲ್ಲ. ಟಿಪ್ಪುವಿನ ಹಗುರ ಕುದುರೆಪಡೆ ದಾರಿಯಲ್ಲಿ ಓಲೆಕಾರರನ್ನೆಲ್ಲ ತಡೆದು ಹಾಕಿತ್ತು. ಕೆಲವೇ ದಿನ ಮೊದಲು ಈ ಭೇಟಿ ಆಗಿದ್ದರೆ ಫಿರಂಗಿ ಒಡೆಯುವ ಪ್ರಮೇಯವೇ ಬರ್ತಿರಲಿಲ್ಲ. ಶ್ರೀರಂಗಪಟ್ಟಣದ ಮೇಲೆ ಮುಂದಿನ ದಾಳಿ ನಡೆದದ್ದು 1792ರ ಫೆಬ್ರವರಿಯಲ್ಲಿ. ಎಂಟು ತಿಂಗಳು ಹೋಯಿತು.

ಅಂಗಡಿ ಇಟ್ಟವರಿಗೆ ಇಷ್ಟವಾಗುವ ಭಾಗ ಇನ್ನೂ ಇದೆ. ಮರಾಠರ ಸೈನ್ಯದ ಜತೆ ಒಂದು ಬಜಾರೇ ನಡೆದು ಬರುತ್ತಿತ್ತು. ಧಾನ್ಯದಿಂದ ಹಿಡಿದು ಇಂಗ್ಲೆಂಡಿನ ಬಟ್ಟೆ, ಚಾಕು, ಕಾಶ್ಮೀರದ ಶಾಲುವರೆಗೆ ಎಲ್ಲ ಸಿಗುತ್ತಿತ್ತು. ಹಸಿದ ಇಂಗ್ಲಿಷ್ ಸೈನ್ಯ ಅಲ್ಲಿ ಮುಗಿಬಿತ್ತು. ರೇಟು ಮಾತ್ರ ವಿಪರೀತ. ಮಿತ್ರರೇ ಆದರೂ ವ್ಯಾಪಾರದಲ್ಲಿ ರಿಯಾಯಿತಿ ಇರಲಿಲ್ಲ. ಮೊದಲೇ ಮಾತಾಗಿರಲಿಲ್ಲವಲ್ಲ, ಯಾರು ಯಾರಿಗೆ ಎಷ್ಟಕ್ಕೆ ಏನು ಕೊಡಬೇಕು ಅಂತ.

ಈಗಿನ ಉದ್ರಿ ಲೆಕ್ಕ

ಇವತ್ತಿನ ಜಂಟಿ ಅಭ್ಯಾಸದ ಹಿಂದೆ ಇರೋದು ಇವೇ ಹಳೇ ತಲೆನೋವುಗಳು. ಸುದ್ದಿ ಮುಟ್ಟಬೇಕು, ಎದುರಿಗೆ ಬಂದವನು ನಮ್ಮವನೋ ಪರರವನೋ ಗೊತ್ತಾಗಬೇಕು, ಊಟ ಎಣ್ಣೆಗೆ ಲೆಕ್ಕ ಇರಬೇಕು.

ಲೆಕ್ಕದ ವಿಷಯಕ್ಕೆ ಭಾರತ ಈಗ ಲಿಖಿತ ಒಪ್ಪಂದಗಳನ್ನೇ ಮಾಡಿಕೊಂಡಿದೆ. 2016ರಲ್ಲಿ ಅಮೆರಿಕ ಜತೆ ಲೆಮೊವಾ ಅನ್ನೋ ಒಪ್ಪಂದ, 2020ರ ಸೆಪ್ಟೆಂಬರ್‌ನಲ್ಲಿ ಜಪಾನ್ ಜತೆ ಅದೇ ಬಗೆಯ ಇನ್ನೊಂದು. ಸಾರಾಂಶ ಸರಳ. ಅಭ್ಯಾಸಕ್ಕೋ ಪರಿಹಾರ ಕೆಲಸಕ್ಕೋ ಬಂದ ಅವರ ಹಡಗಿಗೆ ಇಲ್ಲಿ ಡೀಸೆಲ್, ನೀರು, ರೇಷನ್, ರಿಪೇರಿ ಸಿಗುತ್ತೆ. ನಮ್ಮ ಹಡಗು ಅಲ್ಲಿಗೆ ಹೋದಾಗ ಅದೇ ಸೌಲಭ್ಯ ನಮಗೆ. ಪ್ರತಿ ಸಲ ನೋಟು ಎಣಿಸಿ ಕೊಡಬೇಕಿಲ್ಲ, ಆಮೇಲೆ ಲೆಕ್ಕ ಚುಕ್ತಾ. ಕಾಯಂ ಗಿರಾಕಿಯ ಉದ್ರಿ ಪುಸ್ತಕ ಇದ್ದ ಹಾಗೆ ಅನ್ನಬಹುದು. ಪುಸ್ತಕ ಇದೆ ಅಂದ ಮಾತ್ರಕ್ಕೆ ಅಂಗಡಿಯೇ ಅವರದಾಗಲ್ಲ. ಇದು ನೆಲೆ ಕೊಡುವ ಒಪ್ಪಂದ ಅಲ್ಲ. ಸಂದೇಶದ ವಿಷಯಕ್ಕೆ 2018ರಲ್ಲಿ ಅಮೆರಿಕ ಜತೆ ಕಾಮ್‌ಕಾಸಾ ಒಪ್ಪಂದ ಆಯಿತು. ಗುಪ್ತಲಿಪಿಯಲ್ಲಿ ಮಾತಾಡುವ ವೈರ್‌ಲೆಸ್ ಸಲಕರಣೆ ನಮಗೆ ಸಿಗೋಕೆ ಅದು ದಾರಿ.

ಕಾಗದ ಎಷ್ಟೇ ಇದ್ದರೂ ಕೈ ಅಭ್ಯಾಸ ಬೇರೆ. ಒಂದು ಸೈನ್ಯದವರು ಕೈ ಎತ್ತಿದರೆ "ನಿಲ್ಲು" ಅಂತ ಅರ್ಥ ಇರಬಹುದು, ಇನ್ನೊಬ್ಬರಿಗೆ ಅದೇ ಸನ್ನೆ ಬೇರೆ. ರಾತ್ರಿ ಕಾಡಿನಲ್ಲಿ ಇದನ್ನು ವಿವರಿಸೋಕೆ ಸಮಯ ಇರಲ್ಲ. 2004ರ ಡಿಸೆಂಬರ್ ಸುನಾಮಿ ಬಂದಾಗ ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಸೇರಿ ಪರಿಹಾರ ಕೆಲಸ ಹಂಚಿಕೊಂಡವು. ಜಂಟಿ ತರಬೇತಿ ಯುದ್ಧಕ್ಕಿಂತ ಹೆಚ್ಚಾಗಿ ಉಪಯೋಗಕ್ಕೆ ಬರೋದು ಇಂಥ ಹೊತ್ತಲ್ಲೇ. ವಿಶ್ವಸಂಸ್ಥೆಯ ಶಾಂತಿಪಾಲನೆಯೂ ಹಾಗೇ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಸೈಪ್ರಸ್‌ನಲ್ಲಿ ಹಲವು ದೇಶಗಳ ಸೈನಿಕರಿದ್ದ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ, 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಅಭ್ಯಾಸ ಮಾಡಿದವರೆಲ್ಲ ಮಿತ್ರರೇ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಸುದ್ದಿಯಲ್ಲಿ 'ಮಿತ್ರರಾಷ್ಟ್ರ' ಅಂತ ಬರೆದುಬಿಡ್ತಾರೆ. ನಿಜದಲ್ಲಿ ಭಾರತ ಯಾವ ಮಿಲಿಟರಿ ಕೂಟಕ್ಕೂ ಸೇರಿಲ್ಲ. "ನಿನ್ನ ಮೇಲೆ ದಾಳಿ ಆದರೆ ನಾನು ಯುದ್ಧಕ್ಕೆ ಬರ್ತೀನಿ" ಅನ್ನೋ ಮಾತನ್ನು ಜಪಾನ್‌ಗೂ ಕೊಟ್ಟಿಲ್ಲ, ಅಮೆರಿಕಕ್ಕೂ ಕೊಟ್ಟಿಲ್ಲ.

ಇದಕ್ಕೆ ದೊಡ್ಡ ಸಾಕ್ಷಿ ಬೆಳಗಾವಿಯಲ್ಲೇ ಇದೆ. 2008ರ ಡಿಸೆಂಬರ್‌ನಲ್ಲಿ, ಮುಂಬೈ ಮೇಲಿನ ದಾಳಿ ಆಗಿ ಕೆಲವೇ ದಿನಗಳಿಗೆ, ಅಲ್ಲಿ ಭಯೋತ್ಪಾದನೆ ವಿರುದ್ಧ ಜಂಟಿ ಅಭ್ಯಾಸ ನಡೆಯಿತು. ಬಂದವರು ಚೀನಾ ಸೈನಿಕರು. ಅಭ್ಯಾಸದ ಹೆಸರು 'ಹ್ಯಾಂಡ್ ಇನ್ ಹ್ಯಾಂಡ್', ಕೈಯಲ್ಲಿ ಕೈ. ಹಿಂದಿನ ವರ್ಷ ಚೀನಾದ ಕುನ್ಮಿಂಗ್‌ನಲ್ಲಿ ಮೊದಲನೇದು ಆಗಿತ್ತು, ಬೆಳಗಾವಿಯದ್ದು ಎರಡನೇದು. ಈ ಸರಣಿಯ ಅಭ್ಯಾಸ 2019ರ ಡಿಸೆಂಬರ್‌ನಲ್ಲೂ ಮೇಘಾಲಯದ ಉಮ್ರೋಯ್‌ನಲ್ಲಿ ನಡೆಯಿತು. ಆರು ತಿಂಗಳು ಕಳೆದು 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಅದೇ ಚೀನಾ ಸೈನ್ಯದ ಜತೆ ಕೈಕೈ ಮಿಲಾಯಿಸಿದ ಹೊಡೆದಾಟದಲ್ಲಿ ನಮ್ಮ 20 ಯೋಧರು ಹುತಾತ್ಮರಾದರು.

ಹಾಗಾದರೆ ಚೀನಾ ಜತೆಗಿನ ಅಭ್ಯಾಸ ದಂಡವಾ? ಪೂರ್ತಿ ದಂಡ ಅನ್ನೋಕಾಗಲ್ಲ, ಎದುರಾಳಿಯ ಪದ್ಧತಿಯನ್ನು ಹತ್ತಿರದಿಂದ ನೋಡೋದೂ ಒಂದು ಲಾಭವೇ. ಆದರೆ ಜಂಟಿ ಅಭ್ಯಾಸ ಗಡಿ ತಕರಾರು ಬಗೆಹರಿಸಲ್ಲ. ಅದನ್ನು ಸ್ನೇಹದ ಸರ್ಟಿಫಿಕೇಟ್ ಅಂತ ಓದಬಾರದು, ಯುದ್ಧದ ಮುನ್ಸೂಚನೆ ಅಂತಲೂ ಓದಬಾರದು.

ಮಾಲ್ಡೀವ್ಸ್ ಇನ್ನೊಂದು ಉದಾಹರಣೆ. 1988ರ ನವೆಂಬರ್‌ನಲ್ಲಿ ಅಲ್ಲಿ ದಂಗೆ ನಡೆದಾಗ ನಮ್ಮ ಪ್ಯಾರಾ ಪಡೆ ಆಗ್ರಾದಿಂದ ವಿಮಾನದಲ್ಲಿ ಹೋಗಿ ಸರ್ಕಾರ ಉಳಿಸಿತು. 2009ರಿಂದ ಎರಡೂ ಸೈನ್ಯಗಳು 'ಏಕುವೇರಿನ್' ಅನ್ನೋ ಅಭ್ಯಾಸ ನಡೆಸುತ್ತಿವೆ. ಅವರ ದಿವೇಹಿ ಭಾಷೆಯಲ್ಲಿ ಆ ಪದಕ್ಕೆ ಗೆಳೆಯರು ಅಂತ ಅರ್ಥ. ಒಂದು ಸಲ ಇಲ್ಲಿ, ಒಂದು ಸಲ ಅಲ್ಲಿ. ಬೆಳಗಾವಿಯೂ ಈ ಅಭ್ಯಾಸಕ್ಕೆ ಜಾಗ ಕೊಟ್ಟಿದೆ. 2024ರಲ್ಲಿ ಅಲ್ಲಿನ ಹೊಸ ಸರ್ಕಾರ ತನ್ನ ನೆಲದಲ್ಲಿದ್ದ ಭಾರತೀಯ ಸೇನಾ ಸಿಬ್ಬಂದಿಯನ್ನು ವಾಪಸ್ ಕಳಿಸಿತು. ಅವರ ಜಾಗಕ್ಕೆ ಹೆಲಿಕಾಪ್ಟರ್ ನೋಡಿಕೊಳ್ಳೋಕೆ ಹೋದವರು ಎಚ್‌ಎಎಲ್‌ನ ತಂತ್ರಜ್ಞರು. ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ತೆರೆದ ಅದೇ ಕಂಪನಿ. ಇಷ್ಟೆಲ್ಲ ಆದಮೇಲೂ 2025ರ ಫೆಬ್ರವರಿಯಲ್ಲಿ ಮಾಲ್ಡೀವ್ಸ್‌ನಲ್ಲಿ ಏಕುವೇರಿನ್ ನಡೆಯಿತು.

ಬ್ರಿಟನ್ನಿನ ಸೈನಿಕರೂ 2013ರಲ್ಲಿ 'ಅಜೇಯ ವಾರಿಯರ್' ಹೆಸರಿನಲ್ಲಿ ಬೆಳಗಾವಿಗೆ ಬಂದಿದ್ದರು. ಮೇಲುಕೋಟೆ ದಾರಿಯಲ್ಲಿ ಮಿತ್ರರನ್ನೇ ಗುರುತು ಹಿಡಿಯದೆ ಹೋದ 222 ವರ್ಷಕ್ಕೆ, ಮರಾಠಾ ರೆಜಿಮೆಂಟಿನ ಊರಿಗೇ ಅಭ್ಯಾಸಕ್ಕೆ ಬಂದರು ಅನ್ನಬೇಕು.

ಕಾರವಾರದಲ್ಲಿ ಇನ್ನೊಂದು ನಮೂನೆ

ನೌಕಾಪಡೆ ಇದನ್ನು ಒಂದು ಹೆಜ್ಜೆ ಮುಂದೆ ಒಯ್ದಿದೆ. 2025ರ ಏಪ್ರಿಲ್ 5ರಂದು ಕಾರವಾರದಿಂದ ಐಎನ್‌ಎಸ್ ಸುನಯನಾ ಹಡಗು ಹೊರಟಿತು, ರಕ್ಷಣಾ ಸಚಿವ ರಾಜನಾಥ್ ಸಿಂಗ್ ಹಸಿರು ಬಾವುಟ ತೋರಿಸಿದರು. ಹಡಗು ನಮ್ಮದೇ, ಆದರೆ ಸಿಬ್ಬಂದಿಯಲ್ಲಿ ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್, ಕೀನ್ಯಾ, ತಾಂಜಾನಿಯಾ ಸೇರಿ ಒಂಬತ್ತು ದೇಶಗಳ 44 ನಾವಿಕರು ಇದ್ದರು. ಕಡಲ್ಗಳ್ಳರು, ಮಾದಕ ವಸ್ತು ಸಾಗಾಟ, ಅಕ್ರಮ ಮೀನುಗಾರಿಕೆ ಈ ದೇಶಗಳಿಗೆಲ್ಲ ಸಮಾನ ಕಾಟ. ಒಂದೇ ಹಡಗಿನಲ್ಲಿ ಒಂದೇ ಅಡುಗೆಮನೆಯ ಊಟ ಮಾಡಿ ಕಾವಲು ಹಂಚಿಕೊಂಡವರು ನಾಳೆ ವೈರ್‌ಲೆಸ್‌ನಲ್ಲಿ ಮಾತಾಡಿದರೆ ದನಿಯ ಗುರುತು ಇರುತ್ತೆ.

ನಮ್ಮ ತಲೆ ಮೇಲೆ ಹಾರೋದು ಇದಲ್ಲ

ಶಿರಾ, ಪಾವಗಡ ಕಡೆ ಆಕಾಶದಲ್ಲಿ ಕಾಣುವ ಉದ್ದ ರೆಕ್ಕೆಯ ಡ್ರೋನ್‌ಗಳನ್ನೂ ಕೆಲವರು ವಿದೇಶಿ ಸೈನ್ಯದ ಲೆಕ್ಕಕ್ಕೆ ಸೇರಿಸುತ್ತಾರೆ. ಅವಕ್ಕೂ ಜಂಟಿ ಅಭ್ಯಾಸಕ್ಕೂ ಸಂಬಂಧ ಇಲ್ಲ. ಪಕ್ಕದ ಚಳ್ಳಕೆರೆಯಲ್ಲಿ 2017ರ ಮೇ ತಿಂಗಳಲ್ಲಿ ಉದ್ಘಾಟನೆ ಆದ ಡಿಆರ್‌ಡಿಒ ಪರೀಕ್ಷಾ ವಲಯದಿಂದ ಹಾರುವ ದೇಶೀ ವಿಮಾನಗಳು ಅವು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದ ತಪಸ್ ಡ್ರೋನ್ ಕೂಡ ಇಲ್ಲಿಯದೇ.

ಸೈನ್ಯಕ್ಕೆ ಸೇರಿದ ನಮ್ಮ ತಾಲ್ಲೂಕುಗಳ ಹುಡುಗರಿಗೆ ಇಂಥ ಅಭ್ಯಾಸಕ್ಕೆ ಹೋಗುವ ಅವಕಾಶ ಇದೆಯಾ ಅಂತ ಕೇಳುವ ಪೋಷಕರೂ ಇದ್ದಾರೆ. ಇದೆ, ಆದರೆ ಅರ್ಜಿ ಹಾಕಿ ಪಡೆಯುವಂಥದ್ದಲ್ಲ. ಸೇನೆ ಆರಿಸೋದು ಬೆಟಾಲಿಯನ್ನನ್ನು. ಆ ಬೆಟಾಲಿಯನ್ನಿನಲ್ಲಿ ಇದ್ದವರಿಗೆ ಸರದಿ ಬರುತ್ತೆ. "ಜಪಾನ್ ಟ್ರೈನಿಂಗ್‌ಗೆ ಕಳಿಸ್ತೀವಿ" ಅಂತ ಯಾವನಾದರೂ ಏಜೆಂಟ್ ದುಡ್ಡು ಕೇಳಿದರೆ ಅದು ಮೋಸ, ನೇರ ಪೊಲೀಸ್ ಠಾಣೆಗೆ ಹೋಗಿ.

ಮುಂದಿನ ಸಲ "ಬೆಳಗಾವಿಯಲ್ಲಿ ವಿದೇಶಿ ಸೈನ್ಯ" ಅನ್ನೋ ಫಾರ್ವರ್ಡ್ ಬಂದಾಗ ಅದರಲ್ಲಿ ಅಭ್ಯಾಸದ ಹೆಸರು, ಶುರುವಾಗುವ ಮತ್ತು ಮುಗಿಯುವ ತಾರೀಖು, ಪ್ಲಟೂನ್ ಮಟ್ಟವೋ ಕಂಪನಿ ಮಟ್ಟವೋ ಅನ್ನೋದು ಇದೆಯಾ ನೋಡಿ. ರಕ್ಷಣಾ ಸಚಿವಾಲಯದ ಪ್ರಕಟಣೆಯಲ್ಲಿ ಈ ವಿವರ ಸಾಮಾನ್ಯವಾಗಿ ಇರುತ್ತೆ. ಇಲ್ಲದಿದ್ದರೆ ಇನ್ನೊಂದು ಗ್ರೂಪಿಗೆ ಕಳಿಸೋಕೆ ಅವಸರ ಮಾಡಬೇಡಿ.