ಹಳೆಯ ದೇವಾಲಯ ಉಸಿರಾಡಲಿ



ಪಾಸ್ಕ ಹಬ್ಬ ಕಳೆದು ಸೆಕೆ ಏರತೊಡಗಿದೊಡನೆ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಗುರುಗಳೇ, ನಮ್ಮ ದೇವಾಲಯಕ್ಕೂ ಹವಾನಿಯಂತ್ರಣ ಮಾಡಿಸಬಾರದೇ?" ಈ ಬಾರಿ ನಮ್ಮ ಪಾಲನಾ ಸಮಿತಿಯ ಸಭೆಯಲ್ಲಿಯೂ ಆ ಪ್ರಶ್ನೆ ಬಂದಿತು. ಕೇಳಿದವರು ಕೇವಲ ಸುಖವನ್ನು ಬಯಸಿದವರಲ್ಲ. ಬಲಿಪೂಜೆಯ ನಡುವೆ ವಯಸ್ಸಾದ ತಾಯಂದಿರು ತಲೆ ತಿರುಗಿ ಕುಳಿತುಬಿಡುವುದನ್ನು ನಾವೂ ಕಂಡಿದ್ದೇವೆ. ಆದುದರಿಂದ ಈ ಬೇಡಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಸಭೆಯ ಮುಂದಿದ್ದ ಸಲಹೆ ಇದು: ಎಂಟು ಹವಾನಿಯಂತ್ರಣ ಯಂತ್ರಗಳು, ಎಲ್ಲ ಕಿಟಕಿಗಳಿಗೂ ಬಿಗಿಯಾದ ಗಾಜು, ಹೆಂಚಿನ ಮಾಡಿನ ಕೆಳಗೆ ಜಿಪ್ಸಂ ಹಲಗೆಯ ಒಳಮಾಳಿಗೆ.

ಉತ್ತರಿಸುವ ಮೊದಲು ನಮ್ಮದೇ ಒಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳಬೇಕಾಯಿತು. ಕೆಲವು ವರ್ಷಗಳ ಹಿಂದೆ ಬಲಿಪೀಠದ ಹಿಂದಿನ ಗೋಡೆಯ ಸುಣ್ಣದ ಗಾರೆ ಅಲ್ಲಲ್ಲಿ ಉದುರಿದಾಗ, ಗಟ್ಟಿಯಾಗಿರಲಿ ಎಂದು ನಾವು ಸಿಮೆಂಟಿನ ಗಾರೆ ಹಾಕಿಸಿ, ಮೇಲೆ ಹೊಳೆಯುವ ಬಣ್ಣ ಬಳಿಸಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಬೊಬ್ಬೆಯೆದ್ದಿತು. ಉಪ್ಪು ಬಿಳಿಯ ಹುಡಿಯಾಗಿ ಹೊರಬಂದಿತು. ಗೋಡೆ ಬೇಸಿಗೆಯಲ್ಲಿಯೂ ಒದ್ದೆಯಾಗಿ ಉಳಿಯಿತು. ಒಳಗಿನ ಗಾಳಿ ಮೊದಲಿಗಿಂತ ಭಾರವಾಯಿತು. ಸೆಕೆ ಹೆಚ್ಚಾಯಿತೆಂದು ನಾವು ದೂರುತ್ತಿರುವುದಕ್ಕೆ ನಾವೇ ಸ್ವಲ್ಪ ಕಾರಣರೆಂಬುದು ಅನಂತರ ತಿಳಿಯಿತು.

ಒಂದು ವಸ್ತುವನ್ನು ನಿಜವಾಗಿ ಅರಿಯಬೇಕಾದರೆ ನಾಲ್ಕು ಪ್ರಶ್ನೆ ಕೇಳಬೇಕೆಂದು ಅರಿಸ್ಟಾಟಲನು ಕಲಿಸಿದುದನ್ನು ನಾವು ಸೆಮಿನರಿಯಲ್ಲಿ ಓದಿದ್ದೆವು: ಅದು ಯಾವುದರಿಂದ ಆಗಿದೆ, ಅದರ ರೂಪವೇನು, ಅದನ್ನು ಮಾಡಿದವರು ಯಾರು, ಅದು ಯಾವ ಉದ್ದೇಶಕ್ಕಾಗಿ ಇದೆ. ಗೋಡೆಗೆ ಸಿಮೆಂಟು ಬಳಿಸುವಾಗ ಈ ನಾಲ್ಕರಲ್ಲಿ ಒಂದನ್ನೂ ನಾವು ಕೇಳಿರಲಿಲ್ಲ. ಈಗ ಕೇಳೋಣ.

ನಮ್ಮ ಹಳೆಯ ದೇವಾಲಯ ಮುರಕಲ್ಲು ಮತ್ತು ಸುಣ್ಣದಿಂದ ಆದುದು. ಮುರಕಲ್ಲು ಸೂಕ್ಷ್ಮ ರಂಧ್ರಗಳಿಂದ ತುಂಬಿದ ಕಲ್ಲು. ಮಳೆಗಾಲದಲ್ಲಿ ನೀರನ್ನು ಹೀರಿಕೊಳ್ಳುತ್ತದೆ. ಸುಣ್ಣದ ಗಾರೆಯ ಮೂಲಕ ಆ ತೇವ ಆವಿಯಾಗಿ ಹೊರಹೋಗುತ್ತದೆ. ಗೋಡೆ ಉಸಿರಾಡುತ್ತದೆ ಎಂದು ಹಿರಿಯ ಮೇಸ್ತ್ರಿಗಳು ಹೇಳುವುದು ಇದನ್ನೇ. ಸಿಮೆಂಟು ಆ ಬಾಗಿಲನ್ನು ಮುಚ್ಚುತ್ತದೆ. ತೇವ ಒಳಗೇ ಸಿಕ್ಕಿ ಕಲ್ಲನ್ನು ತಿನ್ನುತ್ತದೆ.

ಇನ್ನು ರೂಪ. ದಪ್ಪ ಗೋಡೆಯ ಮೇಲೆ ಬಿದ್ದ ಹಗಲಿನ ಬಿಸಿಲು ಒಳಮುಖವನ್ನು ತಲುಪಲು ಹಲವು ಗಂಟೆ ಬೇಕು. ಎತ್ತರವಾದ ಮಾಡಿನ ಕಡೆಗೆ ಬಿಸಿಗಾಳಿ ಏರುತ್ತದೆ. ಮೇಲಿನ ಕಿಟಕಿಗಳಿಂದಲೂ ಹೆಂಚುಗಳ ಸಂದುಗಳಿಂದಲೂ ಹೊರಹೋಗುತ್ತದೆ. ಕೆಳಗಿನ ಬಾಗಿಲುಗಳಿಂದ ತಂಪುಗಾಳಿ ಒಳಬರುತ್ತದೆ. ಬದಿಯ ಜಗಲಿ ಗೋಡೆಗೆ ನೆರಳಾಗುತ್ತದೆ. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಬಗೆಯ ಮಾಡು ಕರಾವಳಿಯ ದೇವಾಲಯಗಳಿಗೂ ಮನೆಗಳಿಗೂ ಹರಡಿತು. ಕಟ್ಟಿದವರು ನಮ್ಮ ಅಜ್ಜ ಮುತ್ತಜ್ಜಂದಿರು. ವಿದ್ಯುತ್ತಿಲ್ಲದ ಕಾಲದಲ್ಲಿ ಸೆಕೆಯೊಡನೆ ಬಾಳುವ ಜ್ಞಾನವನ್ನು ಅವರು ಕಲ್ಲಿನಲ್ಲಿಯೇ ಇರಿಸಿಹೋದರು. ಉದ್ದೇಶವಾದರೋ ಜನ ಕೂಡಿ ಪ್ರಾರ್ಥಿಸುವುದು. ಆ ಜನರಲ್ಲಿ ತಲೆ ತಿರುಗುವ ತಾಯಂದಿರೂ ಸೇರಿದ್ದಾರೆ. ಆದುದರಿಂದ ಹಳೆಯದೆಲ್ಲ ಹಾಗೆಯೇ ಇರಲಿ ಎಂದು ಕೈಕಟ್ಟಿ ಕುಳಿತರೂ ಉದ್ದೇಶಕ್ಕೆ ಚ್ಯುತಿಯೇ.

ಈ ಎರಡು ಕರ್ತವ್ಯಗಳನ್ನು ಒಟ್ಟಿಗೆ ನಿಭಾಯಿಸುವುದು ಹೇಗೆ? ರೋಮಿನಿಂದ ಎರಡು ಉದಾಹರಣೆಗಳನ್ನು ನೋಡಬಹುದು. ವ್ಯಾಟಿಕನ್ ನಗರದಲ್ಲಿ 2008ರಲ್ಲಿ ಸೌರಫಲಕಗಳನ್ನು ಅಳವಡಿಸಿದರು. ಎಲ್ಲಿ? ಸಂತ ಪೇತ್ರರ ಮಹಾದೇವಾಲಯದ ಗುಮ್ಮಟದ ಮೇಲಲ್ಲ. 1971ರಲ್ಲಿ ಮುಗಿದ ಆರನೆಯ ಪೌಲರ ಸಭಾಭವನದ ಛಾವಣಿಯ ಮೇಲೆ, ಸುಮಾರು 2,400 ಫಲಕಗಳನ್ನು. ಹೊಸ ಹೊರೆಯನ್ನು ಹೊಸ ಕಟ್ಟಡ ಹೊತ್ತಿತು. ಸಿಸ್ಟೀನ್ ಪ್ರಾರ್ಥನಾಲಯಕ್ಕೆ 2014ರಲ್ಲಿ ಸುಮಾರು 7,000 ಎಲ್‌ಇಡಿ ದೀಪಗಳನ್ನು ಹಾಕಿದರು. ವಿದ್ಯುತ್ತಿನ ಖರ್ಚು ಬಹಳ ಇಳಿಯಿತು. ಅದೇ ವರ್ಷ ಅಲ್ಲಿ ಹೊಸ ಹವಾನಿಯಂತ್ರಣವೂ ಬಂದಿತು ನಿಜ. ಆದರೆ ಅದು ಮುಖ್ಯವಾಗಿ ಮೈಕೆಲ್ಯಾಂಜೆಲೊನ ಚಿತ್ರಗಳ ರಕ್ಷಣೆಗಾಗಿ, ವರ್ಷಕ್ಕೆ ಲಕ್ಷಗಟ್ಟಲೆ ಯಾತ್ರಿಕರ ಉಸಿರಿನ ತೇವದಿಂದ ಅವು ಹಾಳಾಗದಿರಲೆಂದು. ಅಲ್ಲಿನ ಅಗತ್ಯ ಬೇರೆ, ನಮ್ಮದು ಬೇರೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೋ ಮೊಸ್ಕೇನಿ ಬಿಡಿಸಿದ ಚಿತ್ರಗಳನ್ನು ಕಂಡವರಿಗೆ, ಗೋಡೆಯ ಆರೋಗ್ಯವೇ ಚಿತ್ರದ ಆಯುಸ್ಸು ಎಂಬುದನ್ನು ವಿವರಿಸಬೇಕಿಲ್ಲ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ 24 ಹಳೆಯ ಫ್ಯಾನುಗಳಿವೆ, ಒಂದೊಂದು ಸುಮಾರು 75 ವ್ಯಾಟಿನದು. 40 ವ್ಯಾಟಿನ 30 ಟ್ಯೂಬ್‌ಲೈಟುಗಳಿವೆ. ಒಟ್ಟು 3,000 ವ್ಯಾಟ್. ಹೊಸ ಬಗೆಯ ಫ್ಯಾನುಗಳು ಸುಮಾರು 30 ವ್ಯಾಟಿನಲ್ಲಿಯೇ ಅಷ್ಟು ಗಾಳಿ ಕೊಡುತ್ತವೆ. 20 ವ್ಯಾಟಿನ ಎಲ್‌ಇಡಿ ಅಷ್ಟೇ ಬೆಳಕು ಕೊಡುತ್ತದೆ. ಬದಲಾಯಿಸಿದರೆ ಒಟ್ಟು 1,320 ವ್ಯಾಟ್, ಅರ್ಧಕ್ಕಿಂತ ಕಡಿಮೆ. ಎಂಟು ಹವಾನಿಯಂತ್ರಣ ಯಂತ್ರಗಳಾದರೆ, ಒಂದಕ್ಕೆ 1,500ರಂತೆ, 12,000 ವ್ಯಾಟ್. ಅದೂ ಹೆಂಚಿನ ಸಂದುಗಳನ್ನೆಲ್ಲ ಮುಚ್ಚಿದರೆ ಮಾತ್ರ ತಂಪು ನಿಲ್ಲುತ್ತದೆ. ಮುಚ್ಚಿದರೆ ಮಾಡಿನ ಸೋರಿಕೆಯೂ ಮರಕ್ಕೆ ಹಿಡಿದ ಗೆದ್ದಲೂ ಕಣ್ಣಿಗೆ ಬೀಳುವುದಿಲ್ಲ. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಹಾನಿಕರ ಬಳಕೆಯ ಅಭ್ಯಾಸಕ್ಕೆ ಸರಳ ಉದಾಹರಣೆಯಾಗಿ ಹೆಚ್ಚುತ್ತಿರುವ ಹವಾನಿಯಂತ್ರಣವನ್ನೇ ಹೆಸರಿಸಿದ್ದಾರೆ ಎಂಬುದನ್ನು ನಾವು ಮರೆಯಬಾರದು.

ಸಭೆ ದೀರ್ಘವಾಗಿ ನಡೆಯಿತು. ಎಲ್ಲರೂ ಒಪ್ಪಿದರೆಂದು ಹೇಳಲಾರೆವು. ಆದರೂ ಒಂದು ವರ್ಷದ ಮಟ್ಟಿಗೆ ಇಷ್ಟು ನಿಶ್ಚಯಿಸಿದೆವು. ಬಲಿಪೀಠದ ಗೋಡೆಯ ಸಿಮೆಂಟನ್ನು ಮೆಲ್ಲಗೆ ಕೆತ್ತಿ ತೆಗೆದು, ಗೋಡೆ ಒಣಗಿದ ಮೇಲೆ ಸುಣ್ಣದ ಗಾರೆ ಹಾಕುವುದು. ಬಣ್ಣ ಹಚ್ಚಿ ಹಚ್ಚಿ ಅಂಟಿಹೋಗಿರುವ ಮೇಲಿನ ಕಿಟಕಿಗಳನ್ನು ಮತ್ತೆ ತೆರೆಯುವಂತೆ ಮಾಡುವುದು. ಫ್ಯಾನು, ದೀಪಗಳನ್ನು ಬದಲಾಯಿಸುವುದು. ಸೌರಫಲಕಗಳನ್ನು ದೇವಾಲಯದ ಹೆಂಚಿನ ಮೇಲೆ ಹೇರದೆ, ನಮ್ಮ ಸಭಾಭವನದ ಕಾಂಕ್ರೀಟು ತಾರಸಿಯ ಮೇಲೆ ಇರಿಸುವುದು. ನಡುಹಗಲಲ್ಲಿ ಮಾಡಿನಿಂದ ಇಳಿಯುವ ಕಾವನ್ನು ತಡೆಯಲು ಏನಾದರೂ ಬೇಕೆಂದಾದರೆ, ಗಾಳಿಯಾಡಲು ಜಾಗ ಬಿಟ್ಟು, ಮುಂದೆ ಬೇಡವೆನಿಸಿದಾಗ ಹಾನಿಯಿಲ್ಲದೆ ಕಳಚಬಹುದಾದ ಪದರವನ್ನಷ್ಟೇ ಹಾಕುವುದು. ಮತ್ತು ಮೇ ತಿಂಗಳಲ್ಲಿ ಭಾನುವಾರದ ಎರಡನೆಯ ಬಲಿಪೂಜೆಯನ್ನು ಒಂದು ಗಂಟೆ ಮುಂಚಿತವಾಗಿ ಅರ್ಪಿಸಿ, ಬದಿಯ ಬಾಗಿಲ ಬಳಿಯ ಪೀಠಗಳನ್ನು ವಯಸ್ಸಾದವರಿಗೆ ಮೀಸಲಿಡುವುದು. ಕೊನೆಯ ಈ ನಿರ್ಧಾರಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಪ್ರಿಯರೇ, ನಿಮ್ಮಲ್ಲಿ ಅನೇಕರ ಹಿರಿಯರ ಮನೆಗಳೂ ಇದೇ ಕಲ್ಲು, ಇದೇ ಸುಣ್ಣ, ಇದೇ ಹೆಂಚಿನವು. ಅವುಗಳಿಗೆ ಹೊಸದೇನನ್ನಾದರೂ ಸೇರಿಸುವ ಮೊದಲು, ನಾವು ಹಿಂದೆ ಮುಚ್ಚಿದ್ದು ಯಾವುದು ಎಂದು ಒಮ್ಮೆ ನೋಡಿರಿ. ಅದನ್ನು ತೆರೆಯುವುದೇ ಅನೇಕ ಸಲ ಮೊದಲ ದುರಸ್ತಿ. ಬರುವ ಮಳೆಗಾಲದಲ್ಲಿ ನಮ್ಮ ಗೋಡೆ ಹೇಗೆ ನಡೆದುಕೊಳ್ಳುವುದೆಂದು ನಾವೂ ಕಾದು ನೋಡುವೆವು.