ದೋಣಿಯ ಎಂಜಿನ್ನಿಗೆ ಎಣ್ಣೆ: ಯಾವುದು, ಯಾವಾಗ, ಹೇಗೆ?

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಕರಾವಳಿಯವರು ಕಡಮೆಯೇನಲ್ಲ. ಕೆಲವರು ಮುಂಬಯಿಯ ಸಸೂನ್ ಡಾಕ್, ಭಾವುಚಾ ಧಕ್ಕೆಗಳಲ್ಲಿ ದುಡಿಯುವವರು. ಇನ್ನು ಕೆಲವರು ಕಚೇರಿ, ಹೋಟೆಲು, ಕಾರಖಾನೆಗಳಲ್ಲಿ ಕೆಲಸಕ್ಕಿದ್ದರೂ ಊರಿನಲ್ಲಿ ಅಣ್ಣತಮ್ಮಂದಿರ ದೋಣಿಯಲ್ಲಿ ಪಾಲುಳ್ಳವರು. ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರಗಳಿಂದ ಬರುವ ಸುದ್ದಿಯಲ್ಲಿ ‘ಎಂಜಿನ್ ಕೆಟ್ಟಿದೆ, ಹಣ ಕಳುಹಿಸು’ ಎಂಬ ಮಾತು ಇಂಥವರಿಗೆ ಹೊಸದಲ್ಲ. ಎಂಜಿನ್ ಕೆಡಲು ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚು ಖರ್ಚಿಲ್ಲದೆ ನಮ್ಮ ಕೈಯಿಂದಲೇ ತಡೆಯಬಹುದಾದದ್ದು ಎಣ್ಣೆಯ ಕಡೆಗಿನ ಅಲಕ್ಷ್ಯ. ಆದಕಾರಣ ಈ ಸಲ ಅದರ ವಿಷಯವಾಗಿ ನಾಲ್ಕು ಮಾತು ಬರೆಯುತ್ತೇವೆ.

ಹೇಳತಕ್ಕದ್ದು ಮೂರೇ ಸಂಗತಿ. ಡಬ್ಬದ ಮೇಲಿನ ಗುರುತು ನೋಡಿ ಎಣ್ಣೆಯನ್ನು ಆರಿಸಬೇಕು. ಗಂಟೆಯ ಲೆಕ್ಕ ಹಿಡಿದು ಬದಲಾಯಿಸಬೇಕು. ಮಳೆಗಾಲಕ್ಕೆ ದೋಣಿಯನ್ನು ಕಟ್ಟುವ ಮೊದಲೇ ಹಳೆಯ ಎಣ್ಣೆಯನ್ನು ತೆಗೆದುಬಿಡಬೇಕು. ಮೂರನೆಯದನ್ನೇ ಜನ ಹೆಚ್ಚಾಗಿ ಮರೆಯುವುದು.

ದೋಣಿಗೆ ಇಳಿಜಾರಿಲ್ಲ

ಎಂಜಿನ್ನಿನೊಳಗೆ ಎಣ್ಣೆ ಜಾರಿಸುವ ಕೆಲಸವೊಂದನ್ನೇ ಮಾಡುತ್ತದೆ ಎಂದು ತಿಳಿಯಬಾರದು. ಅದು ಬೇರಿಂಗುಗಳ ಕಾವನ್ನು ಹೊತ್ತು ತರುತ್ತದೆ. ಮಸಿಯನ್ನು ತನ್ನಲ್ಲಿ ತೇಲಿಸಿಕೊಂಡು ಫಿಲ್ಟರಿಗೆ ಒಯ್ಯುತ್ತದೆ. ಪಿಸ್ಟನ್ನಿನ ಉಂಗುರಗಳ ಸಂದಿಯನ್ನು ಮುಚ್ಚುತ್ತದೆ. ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ.

ಲಾರಿಯ ಎಂಜಿನ್ನಿಗೆ ನಡುನಡುವೆ ವಿಶ್ರಾಂತಿ ಸಿಕ್ಕುತ್ತದೆ. ಘಟ್ಟ ಹತ್ತುವಾಗ ಏದುಸಿರು ಬಿಟ್ಟರೂ ಇಳಿಯುವಾಗ ಹಗುರಾಗುತ್ತದೆ. ನೀರಿನಲ್ಲಿ ಇಳಿಜಾರಿಲ್ಲ. ಪಂಖ ತಿರುಗುವಷ್ಟು ಹೊತ್ತೂ ನೀರು ಎದುರು ನಿಲ್ಲುತ್ತದೆ. ಬಲೆ ಎಳೆಯುವ ದೋಣಿಗಂತೂ ಗಂಟೆಗಟ್ಟಲೆ ಘಟ್ಟ ಹತ್ತಿದಂತೆಯೇ. ಸುತ್ತಲೂ ಉಪ್ಪುಗಾಳಿ, ತೇವ. ಇದರ ಮೇಲೆ ದೋಣಿ ಕೆಲವು ವಾರ ಎಡೆಬಿಡದೆ ದುಡಿದು, ಕೆಲವು ವಾರ ಅಲುಗದೆ ನಿಲ್ಲುತ್ತದೆ. ಆದ್ದರಿಂದಲೇ ‘ನಮ್ಮ ಲಾರಿಗೆ ಹಾಕುವುದನ್ನೇ ಹಾಕಿದರಾಯಿತು, ಲಾರಿಗೆ ಬದಲಾಯಿಸುವಾಗಲೇ ಬದಲಾಯಿಸಿದರಾಯಿತು’ ಎಂಬ ರೂಢಿಯ ಮಾತು ಇಲ್ಲಿ ಪೂರ್ತಿ ಸಲ್ಲುವುದಿಲ್ಲ.

ದಾರಿಯಲ್ಲಿ ಲಾರಿ ನಿಂತರೆ ಇಳಿದು ನಡೆಯಬಹುದು. ಅಳಿವೆಯ ಬಾಯಲ್ಲಿ ಅಲೆಗಳ ನಡುವೆ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗಿ ಮಗುಚುವ ಅಪಾಯವಿದೆ. ಎಣ್ಣೆಯ ಮಾತು ಹಣದ ಮಾತಷ್ಟೇ ಅಲ್ಲವೆಂದು ಹೇಳುವುದು ಇದಕ್ಕಾಗಿ.

ಡಬ್ಬದ ಮೇಲಿನ ಗುರುತು

ಅಂಗಡಿಯಲ್ಲಿ ಡಬ್ಬದ ಬಣ್ಣ, ಕಂಪೆನಿಯ ಹೆಸರು ಇವುಗಳಿಗಿಂತ ಮುಖ್ಯವಾಗಿ ನೋಡಬೇಕಾದ ಗುರುತುಗಳು ಎರಡು. ಇವು ಡಬ್ಬದ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ.

ಮೊದಲನೆಯದು ಎಸ್‌ಎಇ ಅಂಕಿ. 1911ರಲ್ಲಿ ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವು ಎಣ್ಣೆಗಳನ್ನು ಅವುಗಳ ಮಂದತನದ ಪ್ರಕಾರ ವಿಂಗಡಿಸಿತು. ಅದೇ ಪದ್ಧತಿ ಬೆಳೆದು ಇಂದಿಗೂ ನಡೆದಿದೆ. ‘15ಡಬ್ಲ್ಯು-40’ ಎಂದಿದ್ದರೆ, ಡಬ್ಲ್ಯು ಸೇರಿದ ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸುಲಭವಾಗಿ ಹರಿಯುವುದೆಂಬುದಕ್ಕೆ, ಎರಡನೆಯದು ಎಂಜಿನ್ ಕಾದಾಗ ಎಷ್ಟು ಮಂದವಾಗಿ ಉಳಿಯುವುದೆಂಬುದಕ್ಕೆ ಗುರುತು. ನಮ್ಮ ಕರಾವಳಿಯಲ್ಲಿ ಹಿಮ ಬೀಳುವ ಚಳಿಯಿಲ್ಲ. ಆದ್ದರಿಂದ ನಾವು ಹೆಚ್ಚಾಗಿ ಗಮನಿಸಬೇಕಾದದ್ದು ಎರಡನೆಯ ಅಂಕಿ. ಒಳಗೆ ಕೂರಿಸಿದ ಡೀಸೆಲ್ ಎಂಜಿನ್ನುಗಳಲ್ಲಿ ಬಹುಪಾಲಿಗೆ 15ಡಬ್ಲ್ಯು-40 ಸರಿಹೋಗುತ್ತದೆ. ಕೆಲವು ಹಳೆಯ ಎಂಜಿನ್ನುಗಳಿಗೆ ಬರಿಯ 40 ಎಂಬ ಒಂದಂಕಿಯ ಎಣ್ಣೆಯನ್ನು ಹೇಳಿರುತ್ತಾರೆ. ಎಂಜಿನ್ನಿನೊಡನೆ ಬಂದ ಪುಸ್ತಕ ಹೇಳಿದ್ದೇ ಕಡೆಯ ಮಾತು. ಮಂದವಾದಷ್ಟೂ ಒಳ್ಳೆಯದೆಂದು ಹೇಳಿದ್ದಕ್ಕಿಂತ ಮಂದವಾದ ಎಣ್ಣೆ ಸುರಿದರೆ ಅದು ಕಿರಿದಾದ ದಾರಿಗಳಲ್ಲಿ ಬೇಗ ಹರಿಯದು. ಎಂಜಿನ್ ಹೊರಟ ಮೊದಲ ಕ್ಷಣಗಳಲ್ಲೇ ಸವೆತ ಹೆಚ್ಚುವುದು.

ಎರಡನೆಯದು ಎಪಿಐ ಗುರುತು. ಇದರಲ್ಲಿ ‘ಸಿ’ ಅಕ್ಷರದಿಂದ ಹೊರಡುವುದು ಡೀಸೆಲ್ ಎಂಜಿನ್ನಿಗೆ, ‘ಎಸ್’ ಅಕ್ಷರದಿಂದ ಹೊರಡುವುದು ಪೆಟ್ರೋಲ್ ಎಂಜಿನ್ನಿಗೆ. 1998ರಲ್ಲಿ ಸಿಎಚ್-4, 2002ರಲ್ಲಿ ಸಿಐ-4, 2016ರಲ್ಲಿ ಸಿಕೆ-4 ಬಂದವು. ಸಾಮಾನ್ಯವಾಗಿ ಹಿಂದಿನದರ ಬದಲು ಮುಂದಿನದನ್ನು ಹಾಕಬಹುದು. ಮುಂದಿನದನ್ನು ಕೇಳಿದ ಎಂಜಿನ್ನಿಗೆ ಹಿಂದಿನದನ್ನು ಹಾಕಬಾರದು. ಸಿಐ-4 ಎಂದು ಬರೆದಿರುವಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಯಿತೆಂದು ಅದಕ್ಕಿಂತ ಹಳೆಯ ದರ್ಜೆಯ ಎಣ್ಣೆ ಕೊಳ್ಳುವುದು ಉಳಿತಾಯವಲ್ಲ.

ನಾಡದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನುಗಳಲ್ಲಿ ಎರಡು ಜಾತಿ. ನಾಲ್ಕು ಸ್ಟ್ರೋಕಿನದಕ್ಕೆ ‘ಎಫ್‌ಸಿ-ಡಬ್ಲ್ಯು’ ಗುರುತಿನ ಎಣ್ಣೆ ಉತ್ತಮ. ಇದು ದೋಣಿಯ ಎಂಜಿನ್ನಿಗಾಗಿಯೇ ಗೊತ್ತುಮಾಡಿದ ಗುರುತು. ತುಕ್ಕು ತಡೆಯುವ ಪರೀಕ್ಷೆಯೂ ಇದರಲ್ಲಿ ಸೇರಿದೆ. ಎರಡು ಸ್ಟ್ರೋಕಿನದರಲ್ಲಿ ಎಣ್ಣೆ ಇಂಧನದೊಡನೆ ಸೇರಿ ಉರಿದುಹೋಗುವುದರಿಂದ ಬದಲಾಯಿಸುವ ಪ್ರಶ್ನೆಯೇ ಇಲ್ಲ. ಆದರೆ ಆರಿಸುವ ಪ್ರಶ್ನೆ ಇದೆ. ಅದಕ್ಕೆ ‘ಟಿಸಿ-ಡಬ್ಲ್ಯು3’ ಗುರುತಿನದೇ ಬೇಕು. ಮೋಟಾರ್ ಸೈಕಲ್ಲಿನ ಎರಡು ಸ್ಟ್ರೋಕ್ ಎಣ್ಣೆಯಲ್ಲಿ ಉರಿದ ಮೇಲೆ ಬೂದಿ ಉಳಿಸುವ ಪದಾರ್ಥಗಳಿರುತ್ತವೆ. ನೀರಿನಿಂದ ತಣಿಯುವ ಎಂಜಿನ್ನಿನಲ್ಲಿ ಆ ಬೂದಿ ಸ್ಪಾರ್ಕ್ ಪ್ಲಗ್ಗಿಗೆ, ಪಿಸ್ಟನ್ನಿಗೆ ಅಂಟುತ್ತದೆ. ಬೆರೆಸುವ ಪ್ರಮಾಣ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು. ಇದನ್ನು ಅಳೆದೇ ಹಾಕಬೇಕು, ಕಣ್ಣಂದಾಜು ಕೂಡದು. ಸೀಮೆಎಣ್ಣೆಯಲ್ಲಿ ನಡೆಯುವ ಎಂಜಿನ್ನಿಗೆ ಪ್ರಮಾಣ ಬೇರೆಯಾಗಿರಬಹುದು, ಪುಸ್ತಕದಲ್ಲಿ ನೋಡಿಕೊಳ್ಳಬೇಕು.

ಕೊಳ್ಳುವಾಗ ಮುಚ್ಚಳದ ಮುದ್ರೆ ಒಡೆಯದಿರುವ ಡಬ್ಬವನ್ನೇ ಕೊಳ್ಳಿರಿ, ರಸೀತಿ ಪಡೆಯಿರಿ. ಬರಿದಾದ ಡಬ್ಬವನ್ನು ಗುಜರಿಗೆ ಕೊಡುವ ಮುನ್ನ ಕತ್ತರಿಸಿರಿ. ಚೀಟಿ ಸಹಿತವಾದ ಒಳ್ಳೆಯ ಡಬ್ಬ ಸಿಕ್ಕರೆ ಅದರಲ್ಲಿ ಕಲಬೆರಕೆ ಎಣ್ಣೆ ತುಂಬುವವರಿಗೆ ಅನುಕೂಲ.

ಬಣ್ಣವಲ್ಲ, ಗಂಟೆ

‘ಎಣ್ಣೆ ಕಪ್ಪಾಯಿತು, ಬದಲಾಯಿಸಬೇಕು’. ‘ಇನ್ನೂ ಕಪ್ಪಾಗಿಲ್ಲ, ಇರಲಿ’ — ಎರಡೂ ತಪ್ಪು ಲೆಕ್ಕ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದುಕೊಳ್ಳುವುದು ಅದರ ಕೆಲಸವಷ್ಟೆ. ಅದರಲ್ಲಿ ಬೆರೆಸಿದ ಔಷಧಗಳು ತೀರಿಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಗಂಟೆಯ ಲೆಕ್ಕ ಬೇಕು.

ನಾಲ್ಕು ಸ್ಟ್ರೋಕಿನ ಔಟ್‌ಬೋರ್ಡುಗಳಿಗೆ ಸಾಮಾನ್ಯವಾಗಿ 100 ಗಂಟೆಗೊಮ್ಮೆ, ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಲು ಹೇಳುತ್ತಾರೆ. ಹೊಸ ಎಂಜಿನ್ನಿನಲ್ಲಿ ಮೊದಲ ಬದಲಾವಣೆ 20 ಗಂಟೆಯ ಸುಮಾರಿಗೇ. ಒಳಗೆ ಕೂರಿಸಿದ ಡೀಸೆಲ್ ಎಂಜಿನ್ನುಗಳಿಗೆ ತಯಾರಕರನ್ನು ಅನುಸರಿಸಿ 100ರಿಂದ 250 ಗಂಟೆ. ಈಗ ಒಂದು ಲೆಕ್ಕ ಮಾಡೋಣ. ಆಳಸಮುದ್ರಕ್ಕೆ ಹೋದ ದೋಣಿ ಹತ್ತು ದಿನ, ದಿನಕ್ಕೆ 20 ಗಂಟೆಯಂತೆ ಎಂಜಿನ್ ಓಡಿಸಿದರೆ 200 ಗಂಟೆಯಾಯಿತು. ಗಂಟೆಗೆ 40 ಕಿಲೋಮೀಟರಿನಂತೆ ಹೋಗುವ ಲಾರಿಗೆ ಇದು 8,000 ಕಿಲೋಮೀಟರಿಗೆ ಸಮ. ದಡದಲ್ಲಿದ್ದವರಿಗೆ ಅದು ಒಂದೇ ‘ಟ್ರಿಪ್ಪು’. ಎಂಜಿನ್ನಿಗೆ ಮುಂಬಯಿಯಿಂದ ದೆಹಲಿಗೆ ಹಲವು ಸಲ ಹೋಗಿಬಂದಷ್ಟು ದುಡಿಮೆ.

ಗಂಟೆ ತೋರಿಸುವ ಮೀಟರು ಇಲ್ಲದಿದ್ದರೆ ನಾಲ್ಕಾಣೆ ಕೆಲಸಕ್ಕೆ ಹೆದರುವ ಕಾರಣವಿಲ್ಲ. ನಮಗೆಲ್ಲ ಹಾಜರಿ ಪುಸ್ತಕವಿರುವಂತೆ ಎಂಜಿನ್ನಿಗೂ ಒಂದು ಪುಸ್ತಕವಿರಲಿ. ಹೊರಟ ಹೊತ್ತು, ನಿಂತ ಹೊತ್ತು, ಹಾಕಿದ ಎಣ್ಣೆ, ತಾರೀಖು — ಇಷ್ಟನ್ನು ತಾಂಡೇಲರೋ ಎಂಜಿನ್ ನೋಡುವ ಹುಡುಗನೋ ಬರೆದಿಟ್ಟರೆ ಸಾಕು.

ಬದಲಾಯಿಸುವ ಕ್ರಮ

ದೋಣಿಯನ್ನು ಧಕ್ಕೆಗೆ ಸಮನಾಗಿ ಕಟ್ಟಿ, ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸಬೇಕು. ಎಣ್ಣೆ ಬೆಚ್ಚಗಾದರೆ ತೆಳುವಾಗಿ, ತಳದ ಕಸವನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಕೈ ಸುಡುವಷ್ಟು ಕಾದಿರಬಾರದು. ಲಾರಿಯಂತೆ ಕೆಳಗಿನ ಬಿರಡೆ ಬಿಚ್ಚಲು ದೋಣಿಯಲ್ಲಿ ಹಲವು ವೇಳೆ ಜಾಗವಿರುವುದಿಲ್ಲ. ಆಗ ಅಳತೆ ಕಡ್ಡಿಯ ಕೊಳವೆಯಲ್ಲಿ ಸಣ್ಣ ನಳಿಗೆ ಇಳಿಸಿ ಕೈಪಂಪಿನಿಂದ ಎಣ್ಣೆಯನ್ನು ಹೀರಿ ತೆಗೆಯಬೇಕು.

ತೆಗೆದ ಎಣ್ಣೆಯನ್ನು ಅಳೆಯಬೇಕು. ಇದು ಬಹಳ ಮುಖ್ಯ. 12 ಲೀಟರು ಹಿಡಿಯುವ ಎಂಜಿನ್ನಿನಿಂದ 9 ಲೀಟರು ಬಂದರೆ, ಒಂದೋ ಎಂಜಿನ್ ಎಣ್ಣೆಯನ್ನು ತಿನ್ನುತ್ತಿದೆ, ಇಲ್ಲವೇ ಹಳೆಯದು ಇನ್ನೂ ಒಳಗೆ ಕುಳಿತಿದೆ. 14 ಲೀಟರು ಬಂದರೆ ನೀರೋ ಡೀಸೆಲ್ಲೋ ಸೇರಿದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿರುವುದು ಖಚಿತ. ಹಾಗಿದ್ದಲ್ಲಿ ಹೊಸ ಎಣ್ಣೆ ಹಾಕಿ ಸಮುದ್ರಕ್ಕೆ ಹೊರಡಬಾರದು. ನೀರು ಎಲ್ಲಿಂದ ಬಂತೆಂದು ಮೆಕ್ಯಾನಿಕ್ ಕಂಡುಹಿಡಿದು ಸರಿಪಡಿಸಿದ ಮೇಲೆಯೇ ಮುಂದಿನ ಕೆಲಸ.

ಪ್ರತಿ ಸಲವೂ ಫಿಲ್ಟರ್ ಹೊಸದಾಗಬೇಕು. ಹಳೆಯ ಫಿಲ್ಟರಿನ ರಬ್ಬರು ಉಂಗುರ ಎಂಜಿನ್ನಿಗೇ ಅಂಟಿಕೊಂಡಿಲ್ಲವಷ್ಟೆ ಎಂದು ನೋಡಿ. ಉಂಗುರದ ಮೇಲೆ ಉಂಗುರ ಕುಳಿತರೆ ಎಣ್ಣೆಯೆಲ್ಲ ಹೊರಗೆ ಚಿಮ್ಮೀತು. ಹೊಸ ಉಂಗುರಕ್ಕೆ ಎಣ್ಣೆ ಸವರಿ, ಕೈಯಿಂದ ತಿರುಗಿಸಿ, ಅದು ತಾಗಿದ ಮೇಲೆ ಫಿಲ್ಟರಿನ ಮೇಲೆ ಬರೆದಷ್ಟು, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಬಿಗಿದರೆ ಸಾಕು.

ಹೊಸ ಎಣ್ಣೆಯನ್ನು ಮೊದಲು ಸ್ವಲ್ಪ ಕಡಮೆಯೇ ಹಾಕಿ, ಎಂಜಿನ್ ಓಡಿಸಿ, ಎಣ್ಣೆಯ ಒತ್ತಡದ ಮುಳ್ಳು ಏರಿತೇ ಎಂದು ನೋಡಿ. ಏರದಿದ್ದರೆ ಒಡನೆ ನಿಲ್ಲಿಸಿ. ಸೋರಿಕೆ ಇಲ್ಲವೆಂದು ಕಂಡ ಮೇಲೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕಡ್ಡಿ ನೋಡಿ, ಮೇಲಿನ ಗೆರೆಯವರೆಗೆ ತುಂಬಿಸಿ. ಗೆರೆ ಮೀರಬಾರದು, ಮೀರಿದರೆ ಕ್ರ್ಯಾಂಕು ಎಣ್ಣೆಯನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆಯೆಬ್ಬಿಸುತ್ತದೆ. ನೊರೆ ಬೇರಿಂಗನ್ನು ಕಾಯದು. ಗೇರ್ ಬಾಕ್ಸಿನ ಎಣ್ಣೆ ಬೇರೆ. ಅದನ್ನೂ ಪುಸ್ತಕ ನೋಡಿ ಹಾಕಬೇಕು. ಔಟ್‌ಬೋರ್ಡಿನ ಗೇರಿಗೆ ಕೆಳಗಿನ ತೂತಿನಿಂದ ತುಂಬಿಸಿ, ಮೇಲಿನ ತೂತಿನಲ್ಲಿ ಎಣ್ಣೆ ಕಂಡಾಗ ಮೊದಲು ಮೇಲಿನದನ್ನು, ಆಮೇಲೆ ಕೆಳಗಿನದನ್ನು ಮುಚ್ಚಬೇಕು.

ತೆಗೆದ ಎಣ್ಣೆಯನ್ನು ನೀರಿಗೆ ಸುರಿಯಲೇಬಾರದು. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಇದೂ ಸೇರಿದೆ. ಪರವಾನಗಿ ಇರುವ ಸಂಗ್ರಹಕಾರರಿಗೆ ಕೊಡತಕ್ಕದ್ದು. ಮೀನಿನಿಂದ ಬದುಕುವವರು ಮೀನಿನ ಮನೆಗೆ ವಿಷ ಹಾಕಬಾರದು ಎಂಬುದಕ್ಕೆ ಕಾನೂನೂ ಬೇಕಿಲ್ಲ.

ಕಟ್ಟುವ ಮೊದಲೇ, ಬಿಚ್ಚಿದ ಮೇಲಲ್ಲ

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಮೀನುಗಾರಿಕೆ ನಿಷೇಧ. ‘ಹೇಗೂ ಎರಡು ತಿಂಗಳು ನಿಲ್ಲುವ ದೋಣಿ, ಆಗಸ್ಟಿನಲ್ಲಿ ಹೊರಡುವಾಗ ಹೊಸ ಎಣ್ಣೆ ಹಾಕಿದರಾಯಿತು’ ಎಂಬುದು ಕೇಳಲು ಸರಿಯಾಗಿಯೇ ಇದೆ. ಆದರೆ ಒಳಗೆ ನಡೆಯುವುದೇ ಬೇರೆ.

ಒಂದು ಲೀಟರು ಡೀಸೆಲ್ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಬಹುಭಾಗ ಹೊಗೆಯೊಡನೆ ಹೊರಗೆ ಹೋಗುತ್ತದೆ. ಸ್ವಲ್ಪ ಪಿಸ್ಟನ್ನಿನ ಸಂದಿಯಿಂದ ಇಳಿದು ಎಣ್ಣೆಗೆ ಸೇರುತ್ತದೆ. ಉರಿಯುವಾಗ ಹುಟ್ಟುವ ಅನಿಲಗಳು ಈ ನೀರಿನೊಡನೆ ಕೂಡಿ ಆಮ್ಲವಾಗುತ್ತವೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದ ಡೀಸೆಲ್ಲಿನಲ್ಲಿ ಗಂಧಕದ ಅಂಶ ಬಹಳ ಇಳಿದಿದೆ. ಆಮ್ಲ ಕಡಮೆಯಾಗಿದೆ, ಇಲ್ಲವಾಗಿಲ್ಲ. ಹೊಸ ಎಣ್ಣೆಯಲ್ಲಿ ಇದನ್ನು ಅಡಗಿಸುವ ಕ್ಷಾರದ ಗುಣ ಇರುತ್ತದೆ. ಹಳೆಯದರಲ್ಲಿ ಅದು ತೀರುತ್ತ ಬಂದಿರುತ್ತದೆ. ಎಂಜಿನ್ ಓಡುತ್ತಿರುವಾಗ ಕಾವಿಗೆ ನೀರು ಆರುತ್ತದೆ. ನಿಂತ ಎಂಜಿನ್ನಿನಲ್ಲಿ ಆ ಹಳೆಯ ಎಣ್ಣೆ, ನೀರು, ಆಮ್ಲ ಎಲ್ಲವೂ ಮಳೆಗಾಲದ ತೇವದಲ್ಲಿ 61 ದಿನ ಬೇರಿಂಗುಗಳಿಗೆ ತಾಗಿಕೊಂಡಿರುತ್ತವೆ. ಹುಣಸೆಹುಳಿ ಕಲಸಿದ ತಾಮ್ರದ ಪಾತ್ರೆಯನ್ನು ತೊಳೆಯದೆ ಎರಡು ತಿಂಗಳು ಬಿಟ್ಟರೆ ಏನಾದೀತೆಂದು ಯಾವ ಗೃಹಿಣಿಯನ್ನು ಕೇಳಿದರೂ ಹೇಳಿಯಾರು.

ಆದ್ದರಿಂದ ಮೇ ತಿಂಗಳ ಕೊನೆಯ ಟ್ರಿಪ್ಪು ಮುಗಿದೊಡನೆ, ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ, ಎಣ್ಣೆ ಮತ್ತು ಫಿಲ್ಟರ್ ಬದಲಾಯಿಸಿ, ಹೊಸ ಎಣ್ಣೆ ಎಲ್ಲ ಕಡೆ ಸವರುವಂತೆ ಕೆಲವು ನಿಮಿಷ ಓಡಿಸಿ ಆಮೇಲೆ ದೋಣಿಯನ್ನು ಕಟ್ಟಬೇಕು. ಶುದ್ಧವಾದ ಎಣ್ಣೆ ಎರಡು ತಿಂಗಳು ಸುಮ್ಮನೆ ನಿಂತರೆ ಕೆಡುವುದಿಲ್ಲ. ಆಗಸ್ಟಿನಲ್ಲಿ ಕಡ್ಡಿ ಎತ್ತಿ ಅಳತೆ ಸರಿಯಿದೆ, ನೀರು ಸೇರಿಲ್ಲ ಎಂದು ಕಂಡರೆ ಅದರಲ್ಲೇ ಹೊರಡಬಹುದು. ಖರ್ಚು ಎರಡಾಗುವುದಿಲ್ಲ, ಒಂದೇ ಖರ್ಚು ಎರಡು ತಿಂಗಳು ಮುಂಚೆ ಆಗುತ್ತದೆ, ಅಷ್ಟೆ.

ಊರಿನವರಿಗೆ ಇದು ತಿಳಿಯದೆಂದಲ್ಲ. ಮೀನು ಕಡಮೆಯಾಗಿ, ಪಾಲಿನ ಲೆಕ್ಕ ತೀರಿಸುವ ಹೊತ್ತಿನಲ್ಲಿ ಕೈಯಲ್ಲಿ ಹಣವಿರುವುದಿಲ್ಲ. ಎಣ್ಣೆಯ ಮಾತು ಆಗಸ್ಟಿಗೆ ಹೋಗುತ್ತದೆ. ಇಲ್ಲಿ ಸಂಬಳಕ್ಕೆ ದುಡಿಯುವ ನಮ್ಮವರಿಂದ ಆಗಬಹುದಾದ ಸಹಾಯ ಇದೇ. ದೋಣಿಗೆಂದು ಆಗಸ್ಟಿನಲ್ಲಿ ಕಳುಹಿಸುವ ಹಣದಲ್ಲಿ ಎಣ್ಣೆ ಮತ್ತು ಫಿಲ್ಟರಿನಷ್ಟನ್ನು ಮೇ ತಿಂಗಳಲ್ಲೇ ಕಳುಹಿಸಿರಿ, ಯಾವ ಗುರುತಿನ ಎಣ್ಣೆ ಎಂಬುದನ್ನೂ ಬರೆದು ತಿಳಿಸಿರಿ. ಮಳೆಗಾಲ ಕಳೆದು ದೋಣಿ ಅಳಿವೆ ದಾಟುವಾಗ ಅದರಲ್ಲಿರುವವರು ನಮ್ಮವರೇ.