ಎಲ್ಲ ತಲೆನೋವೂ ಒಂದೇ ಅಲ್ಲ: ಮಿದುಳಿನ ರಕ್ತನಾಳದ ಉಬ್ಬನ್ನು ತಿಳಿಯೋಣ

ತಲೆನೋವನ್ನು ನಮ್ಮ ಮನೆಗಳಲ್ಲಿ ಯಾರೂ ಒಂದು ಕಾಯಿಲೆಯೆಂದು ಲೆಕ್ಕಕ್ಕಿಡುವುದಿಲ್ಲ. ನಿದ್ದೆಗೆಟ್ಟದ್ದಕ್ಕೆ ಬಂತು, ಬಿಸಿಲಿಗೆ ಹೋದದ್ದಕ್ಕೆ ಬಂತು, ಉಪವಾಸವಿದ್ದದ್ದಕ್ಕೆ ಬಂತು ಎಂದು ನಾವೇ ಕಾರಣ ಹುಡುಕಿಕೊಳ್ಳುತ್ತೇವೆ. ಹಣೆಗೆ ಬಾಮ್ ಹಚ್ಚಿ, ಒಂದು ಮಾತ್ರೆ ನುಂಗಿ ಮತ್ತೆ ಒಲೆಯ ಮುಂದೆ ನಿಲ್ಲುವ ಗೃಹಿಣಿಯರೇ ಹೆಚ್ಚು. ಬಹುತೇಕ ತಲೆನೋವುಗಳು ಹಾಗೆಯೇ ಬಂದು ಹಾಗೆಯೇ ಹೋಗುತ್ತವೆ ಎಂಬುದೂ ನಿಜ. ಆದರೆ ಒಂದು ಬಗೆಯ ತಲೆನೋವು ಬಂದಾಗ ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ. ಮಿದುಳಿನ ರಕ್ತನಾಳದಲ್ಲಿ ಮೂಡಿದ ಉಬ್ಬು ಒಡೆದಾಗ ಬರುವ ತಲೆನೋವು ಅದು. ಈ ಉಬ್ಬನ್ನು ವೈದ್ಯರು ‘ಅನ್ಯೂರಿಸಮ್’ ಎಂದು ಕರೆಯುತ್ತಾರೆ.

ಏನಿದು ಉಬ್ಬು?

ಸೈಕಲ್ಲಿನ ಹಳೆಯ ಟ್ಯೂಬಿಗೆ ಗಾಳಿ ತುಂಬಿದಾಗ ಸವೆದ ಜಾಗವೊಂದು ಉಬ್ಬಿಕೊಳ್ಳುವುದನ್ನು ನಾವು ನೋಡಿದ್ದೇವೆ. ರಕ್ತನಾಳದ ಗೋಡೆ ದುರ್ಬಲವಾದಲ್ಲಿಯೂ ಹೀಗೆಯೇ ಆಗುತ್ತದೆ. ಮಿದುಳಿನ ಬುಡದಲ್ಲಿ ನಾಳಗಳು ಕವಲೊಡೆಯುವ ಜಾಗದಲ್ಲಿ ರಕ್ತದ ಒತ್ತಡ ಹೆಚ್ಚು ತಾಗುವುದರಿಂದ ಉಬ್ಬುಗಳು ಹೆಚ್ಚಾಗಿ ಅಲ್ಲಿಯೇ ಮೂಡುತ್ತವೆ.

ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಇಂಥ ಉಬ್ಬು ಇರುತ್ತದೆಂದು ಅಂದಾಜು. ಹೆದರಬೇಕಾಗಿಲ್ಲ, ಅವುಗಳಲ್ಲಿ ಹೆಚ್ಚಿನವು ಜೀವಮಾನದಲ್ಲಿ ಒಡೆಯುವುದೇ ಇಲ್ಲ. ಪುರುಷರಿಗಿಂತ ಮಹಿಳೆಯರಲ್ಲಿ, ಅದರಲ್ಲೂ 50 ದಾಟಿದವರಲ್ಲಿ, ಇದು ಹೆಚ್ಚು. ಹತೋಟಿಯಲ್ಲಿಲ್ಲದ ಬಿ.ಪಿ. ಮತ್ತು ಧೂಮಪಾನ ಅಪಾಯವನ್ನು ಹೆಚ್ಚಿಸುತ್ತವೆ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಇಬ್ಬರಿಗೆ ಈ ತೊಂದರೆ ಬಂದಿದ್ದರೆ, ಅಥವಾ ವಂಶಪಾರಂಪರ್ಯವಾಗಿ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಾಗುವ ಕಾಯಿಲೆಯಿದ್ದರೆ, ಯಾವ ಲಕ್ಷಣ ಇಲ್ಲದಿದ್ದರೂ ತಪಾಸಣೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಉಬ್ಬಿನ ಬಗೆಗಳು

ಎಲ್ಲಕ್ಕಿಂತ ಸಾಮಾನ್ಯವಾದುದು ಚೀಲದಾಕಾರದ್ದು. ತೊಟ್ಟಿನಲ್ಲಿ ತೂಗುವ ಸಣ್ಣ ಹಣ್ಣಿನಂತೆ ಇದು ನಾಳದ ಒಂದು ಬದಿಗೆ ಅಂಟಿಕೊಂಡಿರುತ್ತದೆ. 

ಎರಡನೆಯದು ಕದಿರಿನಾಕಾರದ್ದು. ಇದರಲ್ಲಿ ನಾಳ ಸುತ್ತಲೂ ಊದಿಕೊಂಡು ನಡು ದಪ್ಪವಾಗಿ ಕಾಣುತ್ತದೆ. 

ಮೂರನೆಯದರಲ್ಲಿ ನಾಳದ ಒಳಪದರ ಸೀಳಿ, ಗೋಡೆಯ ಪದರಗಳ ನಡುವೆ ರಕ್ತ ನುಗ್ಗುತ್ತದೆ. ಪೆಟ್ಟು ಬಿದ್ದವರಲ್ಲಿ ಇದು ಕಾಣಿಸಿಕೊಳ್ಳಬಹುದು. 

ನಾಲ್ಕನೆಯದು ಸೋಂಕಿನಿಂದ ಆಗುವುದು. ಹೃದಯದ ಕವಾಟಕ್ಕೆ ಸೋಂಕು ತಗಲಿದಾಗ ರೋಗಾಣುಗಳು ರಕ್ತದೊಡನೆ ಮಿದುಳಿನ ನಾಳವನ್ನು ತಲುಪಿ ಗೋಡೆಯನ್ನು ಕೆಡಿಸುತ್ತವೆ. ಕವಾಟದ ತೊಂದರೆ ಇರುವವರು ಬಿಡದೆ ಕಾಡುವ ಜ್ವರವನ್ನು ಕಡೆಗಣಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಗಾತ್ರದಲ್ಲಿಯೂ ವ್ಯತ್ಯಾಸವಿದೆ. 25 ಮಿಲಿಮೀಟರ್ ಮೀರಿದ್ದನ್ನು ‘ದೈತ್ಯ’ ಉಬ್ಬು ಎನ್ನುತ್ತಾರೆ.

ಲಕ್ಷಣಗಳೇನು?

ಒಡೆಯದ ಸಣ್ಣ ಉಬ್ಬು ಸಾಮಾನ್ಯವಾಗಿ ಯಾವ ಸುಳಿವನ್ನೂ ಕೊಡುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬೀಳುವುದೇ ಹೆಚ್ಚು. ದೊಡ್ಡದಾಗಿ ಪಕ್ಕದ ನರವನ್ನು ಒತ್ತಿದರೆ ಒಂದು ಕಣ್ಣಿನ ರೆಪ್ಪೆ ಜೋತು ಬೀಳಬಹುದು, ಒಂದು ಪಾಪೆ ಮಾತ್ರ ದೊಡ್ಡದಾಗಬಹುದು, ಒಂದು ವಸ್ತು ಎರಡಾಗಿ ಕಾಣಬಹುದು. ಇವು ದಿಢೀರನೆ ಕಾಣಿಸಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಒಡೆದಾಗಿನ ತಲೆನೋವು ಸಿಡಿಲು ಬಡಿದಂತೆ ಬರುತ್ತದೆ. ಹಸಿವಿನ ತಲೆನೋವು, ಅರೆತಲೆನೋವುಗಳು ಸಾಮಾನ್ಯವಾಗಿ ಮೆಲ್ಲಮೆಲ್ಲನೆ ಏರುತ್ತವೆ. ಇದು ಹಾಗಲ್ಲ, ಕೆಲವೇ ಕ್ಷಣಗಳಲ್ಲಿ ತುತ್ತತುದಿ ಮುಟ್ಟುತ್ತದೆ. ಇಂಥ ನೋವು ಜನ್ಮದಲ್ಲಿ ಕಂಡಿಲ್ಲ ಎನ್ನುವಂತಿರುತ್ತದೆ. ಜೊತೆಗೆ ವಾಂತಿ, ಕುತ್ತಿಗೆ ಬಿಗಿತ, ಬೆಳಕು ನೋಡಲಾಗದಿರುವುದು, ಎಚ್ಚರ ತಪ್ಪುವುದು, ಫಿಟ್ಸ್ ಬರಬಹುದು. ಕೆಲವರಿಗೆ ಉಬ್ಬು ಪೂರ್ತಿ ಒಡೆಯುವುದಕ್ಕೆ ಕೆಲವು ದಿನ ಮೊದಲೇ ಸ್ವಲ್ಪ ರಕ್ತ ಒಸರಿ, ಇಂಥದೇ ತಲೆನೋವು ಒಮ್ಮೆ ಬಂದು ಹೋಗುತ್ತದೆ. ಕಡಿಮೆಯಾಯಿತಲ್ಲ ಎಂದು ಸುಮ್ಮನಿದ್ದುಬಿಡುವ ಅಪಾಯ ಇಲ್ಲಿಯೇ ಇದೆ.

ಪತ್ತೆ ಹಚ್ಚುವ ಬಗೆ

ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ನೋವು ಶುರುವಾದ 6 ಗಂಟೆಗಳೊಳಗೆ ಮಾಡಿದರೆ ಸೋರಿದ ರಕ್ತ ಹೆಚ್ಚುಕಡಿಮೆ ಖಚಿತವಾಗಿ ಕಾಣುತ್ತದೆ. ತಡವಾದಷ್ಟೂ ಅದು ಮಸುಕಾಗುತ್ತ ಹೋಗುತ್ತದೆ. ಸ್ಕ್ಯಾನಿನಲ್ಲಿ ಕಾಣದೆಯೂ ಅನುಮಾನ ಉಳಿದರೆ ಬೆನ್ನಿನಿಂದ ಸ್ವಲ್ಪ ನೀರು ತೆಗೆದು, ಅದರಲ್ಲಿ ರಕ್ತದ ಗುರುತು ಇದೆಯೇ ಎಂದು ನೋಡುತ್ತಾರೆ. ಇದಕ್ಕೆ ನಮ್ಮವರು ಬಹಳ ಹೆದರುತ್ತಾರೆ, ಕಾಲು ಬಿದ್ದು ಹೋಗುತ್ತದೆ ಎಂದು ಸಹಿ ಹಾಕಲು ಹಿಂಜರಿಯುತ್ತಾರೆ. ಆದರೆ ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿದ ಕೆಳಗಿನ ಜಾಗದಲ್ಲಿ.

ಉಬ್ಬು ಎಲ್ಲಿದೆ, ಎಷ್ಟು ದೊಡ್ಡದು, ಯಾವ ಆಕಾರದ್ದು ಎಂದು ತಿಳಿಯಲು ತೋಳಿನ ನಾಳಕ್ಕೆ ಬಣ್ಣದ ಮದ್ದು ಕೊಟ್ಟು ಸಿ.ಟಿ. ಆಂಜಿಯೋಗ್ರಾಂ ಮಾಡುತ್ತಾರೆ. ಗರ್ಭಿಣಿಯಾಗಿದ್ದರೆ ಅಥವಾ ಮೂತ್ರಪಿಂಡದ ತೊಂದರೆಯಿದ್ದರೆ ಮೊದಲೇ ಹೇಳಬೇಕು. ಎಂ.ಆರ್. ಆಂಜಿಯೋಗ್ರಾಂನಲ್ಲಿ ಎಕ್ಸ್‌ರೇ ಕಿರಣಗಳಿಲ್ಲ. ಹಾಗಾಗಿ ಒಡೆಯದ ಉಬ್ಬನ್ನು ಆಗಾಗ ನೋಡುತ್ತಿರಲು ಅದು ಅನುಕೂಲ. ಇನ್ನೂ ಸ್ಪಷ್ಟ ಚಿತ್ರ ಬೇಕಾದಾಗ ತೊಡೆಸಂದಿನಿಂದ ಅಥವಾ ಮಣಿಕಟ್ಟಿನಿಂದ ತೆಳುವಾದ ನಳಿಕೆಯನ್ನು ಒಳಕ್ಕೆ ಕಳಿಸಿ ಆಂಜಿಯೋಗ್ರಾಂ ಮಾಡುತ್ತಾರೆ. ಮಿದುಳಿನ ನಾಳಗಳನ್ನು ಹೀಗೆ ಚಿತ್ರಿಸುವುದನ್ನು 1927ರಲ್ಲಿ ಆರಂಭಿಸಿದವರು ಪೋರ್ಚುಗಲ್‌ನ ವೈದ್ಯ ಎಗಾಸ್ ಮೋನಿಸ್.

ಬದುಕಿ ಬಂದವರು

ಬ್ರಿಟನ್ನಿನ ನಟಿ ಎಮಿಲಿಯಾ ಕ್ಲಾರ್ಕ್ ತಮ್ಮ ಅನುಭವವನ್ನು 2019ರಲ್ಲಿ ಬರೆದುಕೊಂಡಿದ್ದಾರೆ. 2011ರ ಫೆಬ್ರವರಿಯಲ್ಲಿ, 24ನೆಯ ವಯಸ್ಸಿನಲ್ಲಿ, ಲಂಡನ್ನಿನ ವ್ಯಾಯಾಮಶಾಲೆಯಲ್ಲಿದ್ದಾಗ ಅವರಿಗೆ ತೀವ್ರ ತಲೆನೋವೂ ವಾಂತಿಯೂ ಶುರುವಾದವು. ಅಲ್ಲಿದ್ದ ಮಹಿಳೆಯೊಬ್ಬರು ಅವರನ್ನು ಪಕ್ಕಕ್ಕೆ ಮಲಗಿಸಿ ನೆರವಾದರು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಉಬ್ಬು ಒಡೆದಿರುವುದು ತಿಳಿಯಿತು. ಮಿದುಳಿನ ಇನ್ನೊಂದು ಬದಿಯಲ್ಲಿಯೂ ಸಣ್ಣ ಉಬ್ಬೊಂದು ಇತ್ತು. ಅದನ್ನು ಸ್ಕ್ಯಾನುಗಳ ಮೂಲಕ ಗಮನಿಸುತ್ತ ಬಂದ ವೈದ್ಯರು, 2013ರಲ್ಲಿ ಅದು ಇಮ್ಮಡಿಯಾದಾಗ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ಅವರು ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು.

ಇಂದು ಇದಕ್ಕೆ ಮುಖ್ಯವಾಗಿ ಎರಡು ಬಗೆಯ ಚಿಕಿತ್ಸೆಯಿದೆ. ತಲೆಬುರುಡೆ ತೆರೆದು ಉಬ್ಬಿನ ಕುತ್ತಿಗೆಗೆ ಲೋಹದ ಕ್ಲಿಪ್ ಹಾಕುವುದು ಒಂದು. ನಳಿಕೆಯ ಮೂಲಕ ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುವುದು ಇನ್ನೊಂದು. ಯಾವುದು ಸೂಕ್ತವೆಂದು ಉಬ್ಬಿನ ಬಗೆ ಮತ್ತು ಜಾಗ ನೋಡಿ ತಜ್ಞರು ನಿರ್ಧರಿಸುತ್ತಾರೆ.

ಮನೆಯವರು ಮಾಡಬೇಕಾದದ್ದು

ಒಡೆದ ಉಬ್ಬು ಮತ್ತೆ ರಕ್ತ ಸುರಿಸುವ ಸಂಭವ ಮೊದಲ 24 ಗಂಟೆಗಳಲ್ಲಿಯೇ ಅತಿ ಹೆಚ್ಚು. ಆದ್ದರಿಂದ ಸಿಡಿಲಿನಂಥ ತಲೆನೋವು ಬಂದವರನ್ನು ಮಲಗಿ ಸುಧಾರಿಸಿಕೊಳ್ಳಲಿ ಎಂದು ಬಿಡಬೇಡಿ. 108ಕ್ಕೆ ಕರೆ ಮಾಡಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಸಾಗಿಸಿ. ಆಸ್ಪಿರಿನ್ ಕೊಡಬೇಡಿ, ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕದೆ ಪಕ್ಕಕ್ಕೆ ಮಲಗಿಸಿ. ನೋವು ಶುರುವಾದ ಗಂಟೆಯನ್ನು ನೆನಪಿಟ್ಟುಕೊಂಡು ವೈದ್ಯರಿಗೆ ತಿಳಿಸಿ.

ಸಹೋದರಿಯರೇ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾದರೆ ನಾವು ಒಂದು ನಿಮಿಷವೂ ತಡಮಾಡುವುದಿಲ್ಲ. ನಮಗೇ ಆದಾಗ ಮಾತ್ರ ಅಡುಗೆ ಮುಗಿಯಲಿ, ಮಕ್ಕಳು ಬರಲಿ, ಅವರು ಕೆಲಸದಿಂದ ಬರಲಿ ಎಂದು ಕಾಯುತ್ತೇವೆ. ಈ ಒಂದು ತಲೆನೋವಿನ ವಿಷಯದಲ್ಲಿ ಹಾಗೆ ಕಾಯದೆ, ಪಕ್ಕದ ಮನೆಯವರನ್ನಾದರೂ ಕೂಗಿ ಕರೆಯಿರಿ.